ಕಾರ್ಖಾನೆ ಯಾಕೆ ಹೋಯಿತು?

ಚಪ್ಪಲಿ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ದುಡಿಯುತ್ತಿದ್ದ ಬೀದಿಯವರು, ಚರ್ಮ ಕತ್ತರಿಸುವವರ ಮೇಲ್ವಿಚಾರಕನಾಗಿದ್ದ ಕಟಿಂಗ್ ಮೇಸ್ತ್ರಿಯನ್ನು ಮಾತಾಡಿಸುವುದನ್ನೇ ಬಿಟ್ಟರು. ಅಂಟಿನ ಘಾಟು ತಡೆಯಲಾಗದೆ, ಗಾಳಿ ಹೊರಹಾಕುವ ಫ್ಯಾನು ಹಾಕಿಸಿ ಎಂದು ಮಾಲೀಕರ ಎದುರು ದನಿ ಎತ್ತಿದವನು ಅವನೇ. ಅದಾದ ಸ್ವಲ್ಪ ದಿನಕ್ಕೆ ಯಂತ್ರಗಳೆಲ್ಲ ಲಾರಿ ಏರಿ, ರೈಲು ಜಂಕ್ಷನ್ ಇರುವ ದೊಡ್ಡ ಪಟ್ಟಣಕ್ಕೆ ಹೋದವು.

"ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕಿಬಿಟ್ಟೆಯಲ್ಲಪ್ಪ," ಎಂದಳು ಪಕ್ಕದ ಮನೆಯ ಹೊಲಿಗೆ ಕೆಲಸದಾಕೆ. ಅವನ ಹೆಂಡತಿಯೂ ಅಲ್ಲ ಎನ್ನಲಿಲ್ಲ. ಅವನು ಹೊರಗೆ ಹೋಗುವುದನ್ನು ಬಿಟ್ಟ. ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದ.

ಅವನ ಅಕ್ಕ ಅದೇ ಕಾರ್ಖಾನೆಗೆ ಸಾಮಾನು ಖರೀದಿ ಮಾಡುತ್ತಿದ್ದವಳು. ಒಂದು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತಳು.

"ನಾನು ಸುಮ್ಮನಿದ್ದಿದ್ರೆ ಹೋಗ್ತಿರಲಿಲ್ಲ ಅಕ್ಕ," ಎಂದ.

"ಹೋಗ್ತಿತ್ತು ಕಣೋ. ಸೋಲ್ ಮಾಡೋರು ಮೊದಲೇ ಜಂಕ್ಷನ್ ಕಡೆ ಹೋದ್ರು. ಅವರ ಹಿಂದೆ ದಾರ ತಂದುಕೊಡೋನು ಹೋದ. ಮಿಷನ್ ಕೆಟ್ರೆ ಅಲ್ಲಿಂದ ಮೆಕ್ಯಾನಿಕ್ ಬರೋತನಕ ಎಲ್ಲರೂ ಕೈ ಕಟ್ಟಿ ಕೂತಿರ್ತಿದ್ವಿ, ಮರೆತ್ಯಾ?"

ಹೆಂಡತಿ ನಂಬಲಿಲ್ಲ. "ಇಲ್ಲಿ ಕೂಲಿ ಕಡಿಮೆ ಅಲ್ವಾ ಅಕ್ಕ? ಅದನ್ನ ಬಿಟ್ಟು ಯಾರಾದ್ರೂ ಹೋಗ್ತಾರಾ?"

"ಕೂಲಿ ಒಂದನ್ನೇ ನೋಡಲ್ಲಮ್ಮ. ಸಾಮಾನು ತರಿಸೋಕೆ, ಮಾಲು ಕಳಿಸೋಕೆ ಎಷ್ಟು ಖರ್ಚು, ಎಷ್ಟು ತಡ, ಅದನ್ನೂ ನೋಡ್ತಾರೆ. ಅಲ್ಲಿ ಎಲ್ಲಾ ಕೂಗಿದ್ರೆ ಕೇಳೋಷ್ಟು ಹತ್ರ. ಒಬ್ಬರು ಇರೋ ಕಡೆಗೇ ಇನ್ನೊಬ್ಬರು ಬರ್ತಾರೆ. ಒಬ್ಬರು ಎದ್ದುಹೋದ್ರೆ ಉಳಿದವರೂ ಹೋಗ್ತಾರೆ. ನಮ್ಮ ರಸ್ತೆಗೆ ಬರೋಕೆ ಲಾರಿಯವನೇ ಗೊಣಗ್ತಿದ್ದ. ಇದೆಲ್ಲದರ ಮುಂದೆ ಇವನ ಫ್ಯಾನು ಯಾವ ಲೆಕ್ಕ?"

"ಕಾರ್ಖಾನೆ ಮತ್ತೆ ವಾಪಸ್ ಬರಲ್ವಾ?" ಎಂದಳು ಹೆಂಡತಿ.

"ಬರಲ್ಲ." ಅಕ್ಕ ಸುಳ್ಳು ಸಮಾಧಾನ ಹೇಳಲಿಲ್ಲ. "ಆದ್ರೆ ಕೆಲಸ ಗೊತ್ತಿರೋ ಇಷ್ಟು ಜನ ಒಂದೇ ಬೀದೀಲಿ ಎಲ್ಲಿ ಸಿಗ್ತಾರೆ? ರಸ್ತೆ ಸರಿಯಾದ್ರೆ ಚೀಲ ಹೊಲಿಸೋರೋ ಬೆಲ್ಟ್ ಮಾಡಿಸೋರೋ ಬರಬಹುದು. ನಾವು ಚೆದುರಿಹೋದ್ರೆ ಅದೂ ಇಲ್ಲ. ಅಲ್ಲೀತನಕ ಜಂಕ್ಷನ್‌ಗೆ ಬೆಳಿಗ್ಗೆ ಒಂದು ಬಸ್ಸಾದ್ರೂ ಕೇಳೋಣ. ಇಲ್ಲೇ ಇದ್ಕೊಂಡು ಕೆಲಸಕ್ಕೆ ಹೋಗಿಬರಬಹುದು."

ಹೆಂಡತಿ ಎದ್ದು ಒಳಗೆ ಹೋದಳು. ಗಂಡನ ಅಂಗಿ ತಂದು ಅವನ ಮುಂದೆ ಹಿಡಿದಳು. "ಏಳಿ. ಪಕ್ಕದ ಮನೆಗೆ ಹೋಗಿ ಹೇಳೋಣ. ನಾನೂ ಬರ್ತೀನಿ."

ಪಕ್ಕದ ಮನೆಯ ಪಾತ್ರೆಗಳೆಲ್ಲ ಆಗಲೇ ಗೋಣಿಚೀಲ ಸೇರಿದ್ದವು. ಹೊಲಿಗೆಯಾಕೆ ಎಲ್ಲ ಕೇಳಿಸಿಕೊಂಡಳು. "ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?" ಎಂದವಳು, ಮೇಸ್ತ್ರಿಯ ಮುಖ ನೋಡಲಾಗದೆ ಚೀಲದ ಬಾಯಿ ಕಟ್ಟತೊಡಗಿದಳು. ಮರುದಿನ ಆ ಮನೆ ಖಾಲಿಯಾಯಿತು.

ಉಳಿದವರು ಪುರಸಭೆಗೆ ಹೋಗಿ ರಸ್ತೆ, ಬಸ್ಸು ಎರಡನ್ನೂ ಕೇಳಿದ್ದಾರೆ. ಎಲ್ಲರ ಪರವಾಗಿ ಮಾತಾಡಿದವನು ಮೇಸ್ತ್ರಿಯೇ. ಬಸ್ಸು ಇನ್ನೂ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಕೆಲಸ ಕಡಿಮೆಯಾಗುತ್ತಿದ್ದರೆ ಯಾರೋ ಒಬ್ಬರ ಮೇಲೆ ತಪ್ಪು ಹೊರಿಸಬೇಡಿ. ಸಾಮಾನು ಎಲ್ಲಿಂದ ಬರುತ್ತಿದೆ, ಮಾಲು ಎಲ್ಲಿಗೆ ಹೋಗುತ್ತಿದೆ, ಜೊತೆಯಲ್ಲಿದ್ದ ಅಂಗಡಿಗಳಲ್ಲಿ ಯಾವುದು ಎದ್ದುಹೋಯಿತು ಎಂದು ವಿಚಾರಿಸಿ. ಮೊದಲ ಅಂಗಡಿ ಹೋದಾಗಲೇ ಒಟ್ಟಾಗಿ ಪುರಸಭೆಗೆ ಹೋಗಿ ಬೇಕಾದ್ದನ್ನು ಕೇಳಿ. ಕೊನೆಯದೂ ಹೋದ ಮೇಲೆ ಹೊರಟರೆ, ನಿಮ್ಮ ಜೊತೆ ಬರಲು ಜನ ಉಳಿದಿರುವುದಿಲ್ಲ.