ವಜ್ರಬಾಹು ಇಳಿದ ಸ್ಟೇಶನ್

ಮಾಟುಂಗಕ್ಕೆ ಊಟಕ್ಕೆಂದು ಹೊರಟ ಪ್ರೀತಮ್, ಕಾಮಿಕ್ಸಿನಿಂದ ಕಣ್ಣೆತ್ತದೆಯೇ ಮುಂಬೈಯ ಬೈಕುಲ್ಲಾದಲ್ಲಿ ಲೋಕಲ್ ರೈಲು ಹತ್ತಿ, ತಂಗಿ ವಿಜೇತಾಳ ತಲೆ ತಿನ್ನತೊಡಗಿದ. ವರ್ಷವಿಡೀ ಕಾದು ಕೊಂಡ ‘ವಜ್ರಬಾಹು’ವಿನ ಹೊಸ ಸಂಚಿಕೆಯಲ್ಲಿ ಹೀರೋ ಹೊಡೆದಾಡುವುದು ಬಿಟ್ಟು ಅರ್ಧ ಪುಸ್ತಕ ಅಳುತ್ತಾ ಕೂತಿದ್ದ. ಅದನ್ನಾದರೂ ಸಹಿಸಬಹುದು. ಕೊನೆಗೆ ಕಣ್ಣೊರೆಸಿಕೊಂಡು ಫಾಸ್ಟ್ ಲೋಕಲ್ ಹತ್ತಿ ಮಾಟುಂಗದಲ್ಲಿ ಇಳಿಯುತ್ತಾನೆ!

“ಫಾಸ್ಟ್ ಗಾಡಿ ಮಾಟುಂಗದಲ್ಲಿ ಯಾವತ್ತಾದ್ರೂ ನಿಲ್ತದಾ? ಇದನ್ನು ಬರೆದವ ಲೋಕಲ್ ಹತ್ತಿದ್ದಾನಾ ಇಲ್ವಾ? ನಾವೇನು ಮಂಗಗಳಾ?”

ದಾದರ್ ದಾಟುವವರೆಗೂ ಅವನು ಆ ಲೇಖಕನ ಜನ್ಮ ಜಾಲಾಡಿದ. ಆಮೇಲೆ ಪುಸ್ತಕ ಮಡಚಿ ಬಾಗಿಲ ಕಡೆ ನುಗ್ಗಿದ.

ಮಾಟುಂಗ ಬಂತು. ಗಾಡಿ ವೇಗ ತಗ್ಗಿಸದೆ ಸ್ಟೇಶನ್ ದಾಟಿ ಹೋಯಿತು.

“ಅಣ್ಣಾ,” ಎಂದಳು ವಿಜೇತಾ, “ಆ ವಜ್ರಬಾಹು ಹತ್ತಿದ ಗಾಡಿಯನ್ನೇ ನಾವೂ ಹತ್ತಬೇಕಿತ್ತು.”