ಪಂಜಕುಸ್ತಿಯ ಮೂರನೆಯ ಸುತ್ತು

ಮೂಡುಬಿದಿರೆಯ ಸಭಾಭವನದಲ್ಲಿ ಪಂಜಕುಸ್ತಿಯ ಅಂತಿಮ ಸ್ಪರ್ಧೆ. ಗೆದ್ದವನಿಗೆ ರಾಜ್ಯ ತಂಡದಲ್ಲಿ ಸ್ಥಾನ. ಮೇಜಿನ ಈಚೆ ಬಂಟ್ವಾಳದ ಉಜ್ವಲ್. ಆಚೆ ಕೊಕ್ಕಡದ ಡೊಂಬಯ್ಯ. ಲಾರಿಗೆ ಕೆಂಪುಕಲ್ಲು ಹೇರಿ ಹೇರಿ ಗಟ್ಟಿಯಾದ ಕೈ. ಒಂದೊಂದು ಸುತ್ತು ಇಬ್ಬರೂ ಗೆದ್ದಾಗಿತ್ತು.

ಉಜ್ವಲನ ಹಿಂದೆ ನಿಂತಿದ್ದ ಅಕ್ಕ ವಿಜೇತಾ ಬೆಳ್ತಂಗಡಿಯಲ್ಲಿ ಪಿ.ಟಿ. ಟೀಚರ್. ತಮ್ಮನನ್ನು ತಯಾರು ಮಾಡಿದವಳೂ ಅವಳೇ. ಎರಡು ವರ್ಷದಿಂದ ಹೇಳಿದ್ದು ಒಂದೇ ಮಾತು: "ಕೈ ಅಂದ್ರೆ ಸನ್ನೆಗೋಲು ಮಾರಾಯ. ಮೊಣಕೈ ಅದರ ಆನಿಕೆ. ಎಳೆಯುವ ಸ್ನಾಯು ಅಲ್ಲಿಂದ ಎರಡೇ ಬೆರಳು ದೂರ ಉಂಟು, ಭಾರ ಬೀಳುವುದು ಒಂದಡಿ ಆಚೆ ಅಂಗೈಗೆ. ಅಲ್ಲಿ ಒಂದು ಕೆ.ಜಿ. ಬಿದ್ರೆ ಸ್ನಾಯುವಿಗೆ ಏಳೆಂಟು ಕೆ.ಜಿ. ಮುಷ್ಟಿಯನ್ನು ಎದೆಯ ಹತ್ತಿರ ಇಟ್ಟುಕೋ. ಮೈಯೂ ಕೈಯೂ ಒಟ್ಟಿಗೇ ತಿರುಗಬೇಕು."

ತೀರ್ಪುಗಾರ "ಗೋ" ಎಂದ.

ಡೊಂಬಯ್ಯನ ಕೈ ಅರ್ಧ ಬಾಗಿ ಅಲ್ಲೇ ನಿಂತಿತು. ಉಜ್ವಲನಿಗೆ ತಾಳ್ಮೆ ತಪ್ಪಿತು. ಮುಖ ಆಚೆ ತಿರುಗಿಸಿ, ಭುಜವನ್ನೇ ಮುಂದಕ್ಕೆ ನೂಕಿದ. ಮುಷ್ಟಿ ಹಿಂದೆಯೇ ಉಳಿಯಿತು. ಭುಜ ಒಂದು ಕಡೆ, ಮುಂಗೈ ಇನ್ನೊಂದು ಕಡೆ. ನಡುವಿನ ತೋಳಿನ ಎಲುಬು ಹಿಂಡಿದ ಬಟ್ಟೆಯಂತೆ ತಿರುಚುತ್ತಿತ್ತು.

"ಕೈ ನೋಡು ಉಜ್ವಲ್!" ವಿಜೇತಾ ಕೂಗಿದಳು.

ಜನರ ಕೂಗಿನಲ್ಲಿ ಅವನಿಗೆ ಕೇಳಿಸಲಿಲ್ಲ. ತೀರ್ಪುಗಾರನ ಕಣ್ಣು ಮಣಿಕಟ್ಟುಗಳ ಮೇಲಿತ್ತು. ಡೊಂಬಯ್ಯನ ಕೈ ಮತ್ತೆ ಇಳಿಯತೊಡಗಿತು. ಮೇಜಿಗೆ ಇನ್ನು ನಾಲ್ಕು ಬೆರಳು. ಮೂರು. ಇದೇ ಭಂಗಿಯಲ್ಲಿ ಒಬ್ಬನ ತೋಳು ಲಟ್ಟೆಂದು ಮುರಿದದ್ದನ್ನು ವಿಜೇತಾ ಒಮ್ಮೆ ಕಣ್ಣಾರೆ ಕಂಡಿದ್ದಳು. ಹೊರಗಿನವರು ಮುಟ್ಟಿದರೆ ಸೋಲು ಎಂಬ ನಿಯಮವೂ ಗೊತ್ತಿತ್ತು.

ನುಗ್ಗಿ, ತಮ್ಮನ ಭುಜ ಹಿಡಿದು ಕೈಯತ್ತ ತಿರುಗಿಸಿಬಿಟ್ಟಳು.

ತೀರ್ಪುಗಾರ ಡೊಂಬಯ್ಯನ ಕೈ ಎತ್ತಿದ. ಸಭಾಭವನ ಗೊಳ್ಳೆಂದು ನಕ್ಕಿತು.

"ನಿಂಗೆ ಮರ್ಲುಂಟಾ, ಹುಚ್ಚು ಹಿಡಿದಿದ್ಯಾ?" ಉಜ್ವಲ್ ಕಿರುಚಿದ. "ಗೆದ್ದಾಗಿತ್ತಲ್ಲ!"

ಡೊಂಬಯ್ಯನೇ ಹತ್ತಿರ ಬಂದ.

"ಅವರಿಗೆ ಬೈಬೇಡಿ. ನಿಮ್ಮ ಎಲುಬು ತಿರುಗಿದ್ದು ನನ್ನ ಅಂಗೈಗೇ ಗೊತ್ತಾಯ್ತು. ನನಗೂ ಹೆದರಿಕೆ ಆಗಿತ್ತು."

ಉಜ್ವಲ್ ಚೀಲ ಎತ್ತಿಕೊಂಡು ಹೊರನಡೆದ. ಬಂಟ್ವಾಳದ ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತ. ಅರ್ಧ ದಾರಿಯಲ್ಲಿ ಎದ್ದು ಬಂದು ಅಕ್ಕನ ಪಕ್ಕ ಕುಳಿತ. ಬಲತೋಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮುಖ ಬಿಳುಪೇರಿತ್ತು.

"ಒಳಗೆ ಉರಿಯುತ್ತಾ ಉಂಟು ಅಕ್ಕ. ಮನೆಗೆ ಬೇಡ, ಸೀದಾ ಡಾಕ್ಟರಲ್ಲಿಗೆ ಹೋಗುವ."