ಕೆಳಗಿನ ಬಲಮೂಲೆ

ಇರ್ಯಾ ಲಾಹ್ತಿ ನಮ್ಮ ಶಾಲೆಯ ಚಿತ್ರಕಲೆ ಟೀಚರು. ನಾನು ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಮರಗೆಲಸ ಹೇಳಿಕೊಡುವವನು. ಅವಳು ತರಗತಿಯ ಮುಂದೆ ನಿಂತು ಬೆಟ್ಟ, ಮೋಡ, ನೀರು ಎಲ್ಲವನ್ನೂ ಅರ್ಧದವರೆಗೆ ಬಿಡಿಸಿ, "ಮಿಕ್ಕಿದ್ದು ನೀವು ಮಾಡಿ" ಎಂದು ಕುಂಚ ಕೆಳಗಿಡುತ್ತಿದ್ದಳು. ಗರಗಸದ ಸದ್ದಿನ ನಡುವೆಯೂ ಗೋಡೆಯಾಚೆಯ ಆ ಮಾತು ನನಗೆ ಕೇಳುತ್ತಿತ್ತು. ಹಾಗೆ ಅರ್ಧಕ್ಕೆ ನಿಂತ ಚಿತ್ರಗಳು ಅವಳ ಕಪಾಟಿನ ತುಂಬ ಇವೆ. ಮುಗಿದದ್ದು ಒಂದೂ ಇಲ್ಲ.

ಈ ವರ್ಷ ಅವಳ ನಿವೃತ್ತಿ. ಊರಿನ ಗ್ರಂಥಾಲಯದವರು ಪ್ರದರ್ಶನಕ್ಕೆಂದು ಒಂದು ಗೋಡೆಯನ್ನು ಅವಳಿಗೇ ಬಿಟ್ಟರು: ಮಕ್ಕಳದ್ದು ಬೇಡ, ನಿಮ್ಮದೇ ಒಂದು ಚಿತ್ರ ಕೊಡಿ ಎಂದು. ಅವಳು ಊರಾಚೆಯ ಸುಪೀರಿಯರ್ ಸರೋವರದ ಹೆಪ್ಪುಗಟ್ಟಿದ ಕೊಲ್ಲಿಯನ್ನು ಎಣ್ಣೆಬಣ್ಣದಲ್ಲಿ ಬಿಡಿಸಲು ಹಿಡಿದಳು. ಪ್ರತಿ ಸಲ ಹೋಗುವುದು ನನ್ನ ಟ್ರಕ್ಕಿನಲ್ಲಿ. ನಾನು ಪಕ್ಕದಲ್ಲಿ ಕಾಫಿಯ ಥರ್ಮಾಸ್ ಹಿಡಿದು ಕೂರುವುದು. ಆಕಾಶ ಬಂತು, ಆಚೆ ದಡದ ಮರಗಳು ಬಂದವು, ಬಿರುಕು ಬಿಟ್ಟ ಮಂಜುಗಡ್ಡೆ ಬಂತು. ಕೆಳಗಿನ ಬಲಮೂಲೆಗೆ ಬಂದಾಗ ಕೈ ನಿಂತುಬಿಟ್ಟಿತು.

"ಮಿಕ್ಕಿದ್ದನ್ನ ಬೇರೆ ಯಾರೋ ಮಾಡ್ತಾರೆ ಅಂತ ಕೈ ಕಾಯ್ತಾ ಇದೆ ರೇನೊ."

"ನಾನು ಮಾಡ್ಲಾ?"

"ನೀನಾ? ನೀನು ಬಿಡಿಸಿದ ಕುದುರೇನ ನಿಮ್ಮಮ್ಮನೇ ಬೆಂಚು ಅಂದಿದ್ರು."

ಕೊನೆಗೆ ಚಿತ್ರದ ಫೋಟೊ ತೆಗೆದು ಟ್ಯಾಬ್ಲೆಟ್ಟಿಗೆ ಹಾಕಿಕೊಂಡಳು. ಅಲ್ಲಿ ಏನೂ ಹಾಳಾಗುವುದಿಲ್ಲ. ಪದರದ ಮೇಲೆ ಪದರ ಬಿಡಿಸಿ, ಬೇಡವೆಂದರೆ ಬೆರಳು ತಾಗಿಸಿ ಮಾಯ ಮಾಡಬಹುದು. ಒಂದು ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು, ಏಲಕ್ಕಿ ಹಾಕಿದ ನಿಸು ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದೆ. ಅವಳು ಒಂದೊಂದೇ ತೋರಿಸಿದಳು. ಮೂಲೆಯಲ್ಲಿ ಮಗುಚಿಟ್ಟ ದೋಣಿ. ಮುಟ್ಟಿದಳು, ದೋಣಿ ಹೋಗಿ ಬಿಸಿ ಹಬೆಯ ಸ್ನಾನದ ಸೌನಾ ಗುಡಿಸಲಿನ ಹೊಗೆ ಬಂತು. ಅದು ಹೋಗಿ ಬೇಲಿ. ಆಮೇಲೆ ಒಬ್ಬ ಮನುಷ್ಯ, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕೂತವನು, ಕಿವಿ ಮುಚ್ಚುವ ಕೆಂಪು ಟೋಪಿಯವನು. ಅಂಥ ಟೋಪಿ ಊರಿನಲ್ಲಿ ಇರುವುದು ನನ್ನದೊಂದೇ.

"ಯಾವುದು ಇರ್ಲಿ?"

ಇನ್ನೊಂದು ತುಂಡು ಬ್ರೆಡ್ಡು ಕಾಫಿಗೆ ಅದ್ದಿದೆ. "ಎಲ್ಲಾ ಚೆನ್ನಾಗಿದೆ."

"ಇದೊಂದು ಉತ್ತರಾನಾ? ನನ್ನ ಕ್ಲಾಸಲ್ಲಾಗಿದ್ರೆ ನಿಂಗೆ ಸೊನ್ನೆ."

ಬೆರಳು ತಾಗಿಸಿದಳು. ಟೋಪಿಯವನು ಹೋದ.

ಪ್ರದರ್ಶನಕ್ಕೆ ವಾರವಿದ್ದಾಗ ಮತ್ತೆ ಕೊಲ್ಲಿಗೆ ಹೋದೆವು. ನಾನು ಚೌಕಟ್ಟು ಮಾಡಿ ಮುಗಿಸಿದ್ದೆ. ಅವಳು ಬಣ್ಣ ಕಲಸಿ ಕುಂಚ ಎತ್ತಿದಳು. "ನೋಡು, ಹಿಮ ಅಂದ್ರೆ ಬರೀ ಬಿಳಿ ಅಲ್ಲ. ನೀಲಿಗೆ ಚೂರು ಕಂದು ಸೇರಿಸ್ಬೇಕು, ಆಮೇಲೆ..." ಅಷ್ಟಕ್ಕೇ ನಿಂತಳು. ಕುಂಚ ಕೆಳಗಿಟ್ಟಳು.

"ಈಗ ಗೊತ್ತಾಯ್ತು. ಪಕ್ಕದಲ್ಲಿ ಯಾರಾದ್ರೂ ಇದ್ರೆ ನಾನು ಪಾಠ ಮಾಡ್ತೀನಿ. ಮನೇಲಿ ಒಬ್ಬಳೇ ಇದ್ರೂ, ನಿನ್ನ ಕೇಳೋಣ ಅಂತ ಬಿಡ್ತೀನಿ. ಹೋಗು ರೇನೊ."

"ಎಲ್ಲಿಗೆ?"

"ಮನೆಗೆ. ಕತ್ತಲಾಗೋ ಮುಂಚೆ ಬಾ."

"ಟ್ರಕ್ಕಲ್ಲಿ ಆ ಕಡೆ ಮುಖ ಮಾಡಿ ಕೂರ್ತೀನಿ. ತಿರುಗಿ ನೋಡಲ್ಲ."

"ನೀನಿದ್ದೀಯ ಅಂತ ನನ್ನ ಬೆನ್ನಿಗೇ ಗೊತ್ತಾಗುತ್ತೆ ಮಾರಾಯ. ಹೋಗು."

ಥರ್ಮಾಸ್ ಅವಳ ಬಳಿ ಬಿಟ್ಟು ಹೊರಟೆ. ಮನೆಗೆ ಹೋಗಿ ಏನು ಮಾಡಲಿ? ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ತೆಗೆದುಕೊಂಡೆ. "ಇವತ್ತು ಒಬ್ರೇನಾ?" ಎಂದಳು ಅಂಗಡಿಯವಳು. ಅರ್ಧ ತಿಂದು ಉಳಿದದ್ದು ಕಟ್ಟಿಸಿಕೊಂಡೆ.

ಹಿಂದಿರುಗಿದಾಗ ಅವಳು ಎಲ್ಲ ಮಡಚಿ ನಿಂತಿದ್ದಳು, ಚಿತ್ರದ ಮುಖ ತನ್ನ ಕಡೆಗೆ. ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು. ಮೂಲೆಯಲ್ಲಿ ಏನು ಬಿಡಿಸಿದೆ ಎಂದು ನಾನು ಕೇಳಲಿಲ್ಲ.

ಗ್ರಂಥಾಲಯದಲ್ಲಿ ನೋಡಿದೆ. ಮೂಲೆಯಲ್ಲಿ ದೋಣಿಯಿಲ್ಲ, ಹೊಗೆಯಿಲ್ಲ, ಮನುಷ್ಯನಿಲ್ಲ. ಹಿಮ, ಅಷ್ಟೇ; ನೀಲಿ ಮೆಲ್ಲಗೆ ಕಂದಿಗೆ ಇಳಿದು ಅಂಚಿನಾಚೆಗೂ ಹೋದಂತಿತ್ತು. ಅಲ್ಲಿ ಬೇರೆ ಏನನ್ನಿಟ್ಟಿದ್ದರೂ ಚಿತ್ರ ಕೆಡುತ್ತಿತ್ತು. ಅದು ನನಗೂ ಕಾಣಿಸಿತು; ಕಾಣಿಸದಿದ್ದರೆ ಚೆನ್ನಾಗಿತ್ತು.

"ಯಾರೂ ಇಲ್ವಲ್ಲೇ ಇದ್ರಲ್ಲಿ, ನೋಡಿದ್ರೇ ಚಳಿಯಾಗುತ್ತೆ!" ಎಂದಳು ಯಾರೋ ಒಬ್ಬ ಅಜ್ಜಿ.

ಇರ್ಯಾ ಜನರ ನಡುವಿನಿಂದ ಕೂಗಿದಳು. "ರೇನೊ, ಹೇಗಿದೆ? ಎಲ್ಲಾ ಚೆನ್ನಾಗಿದೆ ಅನ್ಬೇಡ ಮತ್ತೆ."

"ಮುಗಿದಿದೆ," ಎಂದೆ.

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳು ಅವಳನ್ನು ಸುತ್ತಿಕೊಂಡರು. ಚೌಕಟ್ಟು ವಾಲಿದೆ ಎಂದು ಯಾರಿಗೋ ಹೇಳಿ, ನೆಟ್ಟಗೇ ಇದ್ದದ್ದನ್ನು ನೆಟ್ಟಗೆ ಮಾಡುತ್ತ ನಿಂತೆ.